ಹಾಲಕ್ಕಿ ಕೂಗಿದರೆ ಹೆದರೋದ್ಯಾಕ್ರಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಹಳೇ ಬೇವಿನ ಮರದಿಂದಲೋ, ಹಾಳು ವಾಡೆಯ ಗೋಡೆಯಿಂದಲೋ ಕಚಪಚ ಜಗಳದ ದನಿ ಎದ್ದರೆ ಅದು ಹಾಲಕ್ಕಿ. ಗೂಗಿಯ ಜಾತಿಯಲ್ಲಿ ಸಣ್ಣದು. “ಗೂಗಿ ಕೂಗ್ತು, ಏನ್ ಕಾದೈತೋ” ಎಂದು ಕಲ್ಲು ಬೀರುವವರಿಗೇನೂ ಬರವಿಲ್ಲ.

ಆದರೆ ಇದೇ ಹಕ್ಕಿಯ ನುಡಿ ಕೇಳಿ ಬಂದೆನೆಂದು ನಸುಕಿನಲ್ಲಿ ಬುಡಬುಡಕಿಯವ ಬಾಗಿಲಿಗೆ ಬಂದು ಶುಭ ಹೇಳಿದರೆ ಜೋಳ ನೀಡಿ ಕಳಿಸುತ್ತೇವೆ. ನಸುಕಿನ ಶುಭ ರಾತ್ರಿಗೆ ಅಪಶಕುನ ಆಗೋದು ಹ್ಯಾಂಗ?

ಹಕ್ಕಿಯೋ ಗೇಣುದ್ದ, ಸುಮಾರು 21 ಸೆಂ.ಮೀ. ಬೂದುಗಂದು ಮೈ, ಬಿಳಿ ಚುಕ್ಕೆ, ಹಳದಿ ಕಣ್ಣು. ಮನುಷ್ಯರನ್ನು ಕಂಡರೆ ತಲೆ ಕುಣಿಸಿ ದಿಟ್ಟಿಸುತ್ತದೆ. ಅದು ಮಾಟವಲ್ಲ. ಗೂಗಿಯ ಕಣ್ಣುಗುಡ್ಡೆ ನಮ್ಮದರಂತೆ ಹೊರಳುವುದಿಲ್ಲ. ದೂರ ಅಳೆಯಲು ತಲೆಯನ್ನೇ ಆಡಿಸಬೇಕು.

ಹಗಲೆಲ್ಲ ಪೊಟರೆ, ಕತ್ತಲಾದರೆ ಬೇಟೆ. ಬೀದಿ ದೀಪಕ್ಕೆ ಮುತ್ತುವ ಹುಳು, ದುಂಬಿ, ಮಿಡತೆ, ಹಲ್ಲಿ, ಸಣ್ಣ ಇಲಿ ಇದರ ಊಟ. ಅರಗದ್ದನ್ನು ಉಂಡೆ ಮಾಡಿ ಉಗುಳುತ್ತದೆ. ಮರದ ಬುಡದ ಆ ಉಂಡೆ ಒಡೆದರೆ ದುಂಬಿಯ ರೆಕ್ಕೆ, ಇಲಿಯ ಎಲುಬು. ಅದೇ ಇದರ ಖಾತೆ ಪುಸ್ತಕ! ಗೋದಾಮಿನ ಕಾಳು, ಹೊಲದ ಶೇಂಗಾ ಕಾಯುವ ಈ ಕಾವಲುಗಾರನಿಗೆ ಪಗಾರವಿಲ್ಲ.

ನವೆಂಬರಿನಿಂದ ಏಪ್ರಿಲ್‌ವರೆಗೆ ಮರಿ ಮಾಡುವ ಕಾಲ. ಮೂರು ನಾಲ್ಕು ಬಿಳಿ ಮೊಟ್ಟೆ. ಆದರೆ ಇದಕ್ಕೆ ಮರ ಕೊರೆಯಲು ಬಾರದು. ಸಿಕ್ಕ ಪೊಟರೆ, ಗೋಡೆಯ ಸಂದೇ ಮನೆ. ಟೊಳ್ಳೆಂದು ಹಳೇ ಮರ ಕಡಿದರೆ ಸಂಸಾರವೇ ಬೀದಿಪಾಲು.

ಇನ್ನು ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದರೆ ಮಾಟದ ಹೆಸರಿನಲ್ಲಿ ಗೂಗಿ ಹಿಡಿದು ಮಾರುವ ಕಳ್ಳದಂಧೆ ದೇಶದ ಹಲವೆಡೆ ನಡೆಯುತ್ತದೆ. 1972ರ ವನ್ಯಜೀವಿ ಕಾಯ್ದೆಯಂತೆ ಗೂಗಿ ಹಿಡಿಯುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ.

ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳಿಗೆ ಧೂಪದಾಳದಲ್ಲಿ ಪಕ್ಷಿಧಾಮವುಂಟು. ವರ್ಷವಿಡೀ ನಮ್ಮ ಓಣಿಯಲ್ಲೇ ಇರುವ ಹಾಲಕ್ಕಿಗೆ ಒಂದು ಟೊಳ್ಳು ಮರ ಸಾಕು. ಅಂಗಡಿಯಲ್ಲಿ ಲಕ್ಷ್ಮೀಪೂಜೆ ಮಾಡುವವರು ಇದೊಂದು ನೆನಪಿಡಬೇಕು: ಗೂಗಿ ಆಕೆಯ ವಾಹನವೆಂದು ನಂಬುವ ಜನ ದೇಶದ ತುಂಬ ಇದ್ದಾರೆ. ಒಡತಿಗೆ ಆರತಿ, ವಾಹನಕ್ಕೆ ಕಲ್ಲು, ಇದ್ಯಾವ ನ್ಯಾಯ?