ಸಭೆಯ ಮುಂದೆ ಎದ್ದ ತಕರಾರು

1962ನೆಯ ಏಪ್ರಿಲ್ 6. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ವಾದ್ಯವೃಂದದ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತವನ್ನು ಆರಂಭಿಸುವ ಬದಲು ಸಭಿಕರತ್ತ ತಿರುಗಿ ಮಾತನಾಡತೊಡಗಿದರು. ಬ್ರಾಮ್ಸ್ ರಚಿಸಿದ ಡಿ ಮೈನರ್ ಕನ್ಚೆರ್ಟೊ ಆ ದಿನದ ಕೃತಿ. ಪಿಯಾನೋ ವಾದಕರು ಅದನ್ನು ನುಡಿಸಲಿರುವ ವಿಳಂಬಗತಿ ತಮಗೆ ಸಮ್ಮತವಲ್ಲವೆಂದೂ, ಕಲಾವಿದನ ಶ್ರದ್ಧೆಗೆ ಮನ್ನಣೆಯಿತ್ತು ಜೊತೆಗೂಡುತ್ತಿರುವುದಾಗಿಯೂ ಅವರು ಸಾರಿದರು. ಮುಹೂರ್ತದ ಹೊತ್ತಿಗೆ ಪುರೋಹಿತನೇ ಎದ್ದು ‘ಈ ಸಂಬಂಧ ನನಗೆ ಹಿಡಿಸಿಲ್ಲ’ ಎಂದಂತಾಯಿತು!

ಆ ವಾದಕ ಕೆನಡಾದ ಗ್ಲೆನ್ ಗೂಲ್ಡ್. ವಯಸ್ಸು 29. 1956ರಲ್ಲಿ ಹೊರಬಂದ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಧ್ವನಿಮುದ್ರಿಕೆ ಅವರನ್ನು ಲೋಕವಿಖ್ಯಾತರನ್ನಾಗಿಸಿತ್ತು. ತಂದೆ ಕಾಲು ಕತ್ತರಿಸಿ ಗಿಡ್ಡಮಾಡಿಕೊಟ್ಟ ಮಡಿಸುವ ಕುರ್ಚಿಯನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದರು. ನುಡಿಸುವಾಗ ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಇಂಥ ವಿಚಿತ್ರಗಳನ್ನು ರಸಿಕರು ಕ್ಷಮಿಸಿದ್ದರು. ಆದರೆ ಈ ವಿಳಂಬಗತಿ?

ನಮ್ಮ ಗಾಯಕರಿಗಿರುವ ಮನೋಧರ್ಮದ ವಿಶಾಲ ಅವಕಾಶ ಅಲ್ಲಿಲ್ಲ, ಸ್ವರವೆಲ್ಲ ಬರೆದಿಟ್ಟದ್ದೇ. ವಾದಕನಿಗೆ ಉಳಿಯುವುದು ಗತಿ, ಒತ್ತು, ನಾದದ ಏರಿಳಿತ ಮಾತ್ರ. ಆದುದರಿಂದಲೇ ಅವುಗಳಿಗಾಗಿ ಅಷ್ಟು ಜಗಳ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶಕ ಹೆರಾಲ್ಡ್ ಷೋನ್‌ಬರ್ಗ್, ವೇಗವಾಗಿ ನುಡಿಸುವ ಕೈಚಳಕ ಸಾಲದೆಯೇ ಹೀಗಾಯಿತೆಂಬ ಧ್ವನಿ ಬರುವಂತೆ ಬರೆದರು.

ಇದು ಅನ್ಯಾಯ. ಆ ದಿನದ ಧ್ವನಿಮುದ್ರಣ ಇಂದು ಕೇಳಸಿಗುತ್ತದೆ. ಅವಧಿ ಸುಮಾರು 53 ನಿಮಿಷ. ಬಾಖ್‌ನನ್ನು ಮಿಂಚಿನಂತೆ ನುಡಿಸಿದ ಬೆರಳುಗಳಿಗೆ ವೇಗದ ಭಯವೆಲ್ಲಿಯದು? ವಾದ್ಯವೃಂದದೊಡನೆ ಸೆಣಸುವ ಮಲ್ಲನಾಗಲು ಗೂಲ್ಡ್ ಒಪ್ಪಲಿಲ್ಲ. ಅದರೊಳಗೊಂದು ದನಿಯಾಗಿ ಸೇರಿಕೊಳ್ಳಬಯಸಿದರು. ಮೊದಲ ಭಾಗದಲ್ಲಿ ಇದರಿಂದ ಗಾಂಭೀರ್ಯ ಹೆಚ್ಚಿದೆ. ಕೊನೆಯ ಭಾಗ ಮಾತ್ರ ಭಾರವಾಗಿ ಕಾಲೆಳೆಯುತ್ತದೆ.

ಹಾಗೆಂದು ಅವರ ಹಟವೆಲ್ಲ ಕಲೆಯೆನ್ನುವಂತಿಲ್ಲ. ಮೊಜಾರ್ಟ್‌ನ ಎ ಮೇಜರ್ ಸೊನಾಟಾದ (ಕೆ. 331) ಆರಂಭವನ್ನು ಅವರು ಬಿಡಿಬಿಡಿಯಾಗಿ, ತೆವಳುವಂತೆ ನುಡಿಸಿದ್ದಾರೆ. ಮೊಜಾರ್ಟ್‌ನ ಬಗ್ಗೆ ಅವರಿಗೆ ಗೌರವ ಕಡಿಮೆಯಿತ್ತು. ಅದು ಕಿವಿಗೆ ಬೀಳುತ್ತದೆ. ಬ್ರಾಮ್ಸ್‌ನಲ್ಲಿ ಕಾಣುವ ಶ್ರದ್ಧೆ ಇಲ್ಲಿಲ್ಲ.

1964ರ ಏಪ್ರಿಲ್ 10ರಂದು ಲಾಸ್ ಏಂಜಲೀಸ್‌ನಲ್ಲಿ ನುಡಿಸಿದ ಮೇಲೆ ಗೂಲ್ಡ್ ಮತ್ತೆ ಸಾರ್ವಜನಿಕ ಕಚೇರಿ ನಡೆಸಲಿಲ್ಲ. ಆಗಿನ್ನೂ 31 ವರ್ಷ! ಮುಂದೆ ಧ್ವನಿಮುದ್ರಣಶಾಲೆಯೇ ಅವರ ಸಭಾಂಗಣವಾಯಿತು.

1983ರಲ್ಲಿ ಬರ್ನ್‌ಸ್ಟೈನ್ ಅದೇ ಕನ್ಚೆರ್ಟೊವನ್ನು ವಿಯೆನ್ನಾದಲ್ಲಿ ಕ್ರಿಸ್ಟಿಯನ್ ಜಿಮರ್‌ಮನ್ ಅವರೊಡನೆ ಧ್ವನಿಮುದ್ರಿಸಿದರು. ಅದೂ ಹೆಚ್ಚುಕಡಿಮೆ ಅಷ್ಟೇ ದೀರ್ಘವಾಗಿತ್ತು. ಕೇಳಲು ಗೂಲ್ಡ್ ಇರಲಿಲ್ಲ. ಹಿಂದಿನ ವರ್ಷದ ಅಕ್ಟೋಬರ್ 4ರಂದು ತೀರಿಕೊಂಡಿದ್ದರು.