ಗಾಳಿಯಲ್ಲಿ ಬಂದ ದನಿ



ನಮ್ಮ ಬೇಗೂರಿನ ನಾಗೇಶ್ವರ ಗುಡಿ ನಿಮಗೆಲ್ಲ ಗೊತ್ತು. ಅಲ್ಲಿ ಹಳೆಯ ಕಲ್ಲೊಂದಿದೆ. ಅದರ ಮೇಲೆ ಬರಹ ಇದೆ. ಆ ಬರಹಕ್ಕೆ ಸುಮಾರು 1100 ವರ್ಷ ವಯಸ್ಸು. ಬೆಂಗಳೂರಿನಲ್ಲಿ ಒಂದು ಕಾಳಗ ನಡೆಯಿತು, ಅದರಲ್ಲಿ ಒಬ್ಬ ಸತ್ತ ಎಂಬ ಸುದ್ದಿ ಅದರಲ್ಲಿದೆ. ಬೆಂಗಳೂರು ಎಂಬ ಹೆಸರು ಅಷ್ಟು ಹಿಂದೆಯೇ ಇತ್ತು ಅಂತ ಈ ಕಲ್ಲಿನಿಂದಲೇ ನಮಗೆ ತಿಳಿಯಿತು.

ಕಲ್ಲು ಸುದ್ದಿಯನ್ನು ಉಳಿಸಿತು. ಆದರೆ ಕಲ್ಲು ನಡೆಯುವುದಿಲ್ಲ. ಸುದ್ದಿ ಬೇಕಾದವರು ಕಲ್ಲಿನ ಹತ್ತಿರ ಬರಬೇಕು. ಓದು ಬಂದವರು ಓದಿ ಹೇಳಬೇಕು. ಊರಿಗೆಲ್ಲ ತಿಳಿಸಬೇಕಾದರೆ ತಮಟೆ ಹೊಡೆದು ಡಂಗುರ ಸಾರಬೇಕಿತ್ತು. ತಮಟೆ ಎಷ್ಟು ದೂರ ಕೇಳುತ್ತೋ ಅಷ್ಟೇ ದೂರ ಸುದ್ದಿ.

ಈಗ ಹಾಗಿಲ್ಲ. ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲೇ ಹಾಡು ಕೇಳುತ್ತೀರಿ. ಮೊಬೈಲಿನಲ್ಲಿ ಸಿನಿಮಾ ನೋಡುತ್ತೀರಿ. ದನಿಗೆ ರೆಕ್ಕೆ ಬಂದದ್ದು ಹೇಗೆ? ಆ ದನಿ ಯಾರದು? ಅದರಲ್ಲಿ ಹೆಂಗಸರ ದನಿ ಎಲ್ಲಿದೆ? ಬನ್ನಿ, ತಿಳಿಯೋಣ.

ಹಾಡು ತಟ್ಟೆಯೊಳಗೆ ಕೂತಿತು

ಮೊದಲು ಹಾಡು ಕೇಳಬೇಕಾದರೆ ಹಾಡುವವರು ಎದುರಿಗೇ ಇರಬೇಕಿತ್ತು. ಆಮೇಲೆ ಗ್ರಾಮಫೋನ್ ಬಂತು. ಅದಕ್ಕೆ ಕಹಳೆಯ ಹಾಗೆ ಒಂದು ದೊಡ್ಡ ಕೊಳವೆ. ಹಾಡುವವರು ಅದರ ಬಾಯಿಗೆ ಮುಖ ಇಟ್ಟು ಜೋರಾಗಿ ಹಾಡಬೇಕು. ದನಿಗೆ ಗಾಳಿ ಅಲುಗುತ್ತದೆ. ಗಾಳಿ ಅಲುಗಿದರೆ ಒಂದು ಸೂಜಿ ಅಲುಗುತ್ತದೆ. ಸೂಜಿ ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ಅದೇ ಗೆರೆಯ ಮೇಲೆ ಮತ್ತೆ ಸೂಜಿ ಓಡಿಸಿದರೆ ಹಾಡು ಕೇಳುತ್ತದೆ.

ನಮ್ಮ ದೇಶದಲ್ಲಿ ಈ ಕೆಲಸ 1902ರಲ್ಲಿ ಕಲ್ಕತ್ತಾದಲ್ಲಿ ಶುರುವಾಯಿತು. ಹಲವು ದೊಡ್ಡ ಗಾಯಕರು ಯಂತ್ರದ ಮುಂದೆ ಹಾಡಲು ಹಿಂಜರಿದರು. ಮುಂದೆ ಬಂದವರಲ್ಲಿ ಹೆಂಗಸರೇ ಮೊದಲು. ಅವರಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಬಹಳ ಹೆಸರಾದರು.

ಒಂದು ತಟ್ಟೆಯಲ್ಲಿ ಸುಮಾರು ಮೂರು ನಿಮಿಷ ಮಾತ್ರ ಹಾಡಬಹುದಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಗೌಹರ್ ಜಾನ್ ಮೂರೇ ನಿಮಿಷದಲ್ಲಿ ಮುಗಿಸುತ್ತಿದ್ದರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಯಾಕೆ ಗೊತ್ತೇ? ತಟ್ಟೆಗಳು ತಯಾರಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಹಾಡಿದವರು ಯಾರು ಅಂತ ತಿಳಿಯಬೇಕಲ್ಲ! ತಿಳಿದರೆ ತಾನೇ ಹೆಸರು ಬರೆಯುವುದು? ಆ ಕೂಗು ಇವತ್ತಿಗೂ ಆ ಹಾಡುಗಳ ಕೊನೆಯಲ್ಲಿ ಕೇಳುತ್ತದೆ.

ಇದೇ ಗೌಹರ್ ಜಾನ್ 1928ರಲ್ಲಿ ನಮ್ಮ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಅರಮನೆಯಲ್ಲಿ ಗಾಯಕಿಯಾಗಿ ಕೆಲಸ ಕೊಟ್ಟರು. 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರು ಹೋದರೂ ದನಿ ಉಳಿಯಿತು. ಹೆಸರೂ ಉಳಿಯಿತು.

ಬೊಂಬೆ ಮಾತಾಡಿತು

ಮೊದಮೊದಲು ಸಿನಿಮಾದಲ್ಲಿ ಮಾತಿರಲಿಲ್ಲ. ಬರೀ ಬೊಂಬೆಯಾಟ. 1913ರಲ್ಲಿ ದಾದಾಸಾಹೇಬ್ ಫಾಲ್ಕೆ ಅವರು ‘ರಾಜಾ ಹರಿಶ್ಚಂದ್ರ’ ಎಂಬ ಮೂಕ ಚಿತ್ರ ಮಾಡಿದರು. ಅದರಲ್ಲಿ ತಾರಾಮತಿಯ ಪಾತ್ರ ಮಾಡಿದ್ದು ಯಾರು? ಒಬ್ಬ ಗಂಡಸು! ಅವರ ಹೆಸರು ಅಣ್ಣಾ ಸಾಳುಂಕೆ. ಹೋಟೆಲಿನಲ್ಲಿ ಅಡಿಗೆ ಕೆಲಸ ಮಾಡುತ್ತಿದ್ದವರು. ಸಿನಿಮಾದಲ್ಲಿ ಪಾರ್ಟು ಮಾಡಿದರೆ ಮರ್ಯಾದೆ ಹೋಗುತ್ತದೆ ಅಂತ ಹೆಣ್ಣುಮಕ್ಕಳು ಹೆದರುತ್ತಿದ್ದ ಕಾಲ ಅದು. ನಾಟಕದಲ್ಲೂ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಸೀತೆಯೂ ಗಂಡಸೇ, ದ್ರೌಪದಿಯೂ ಗಂಡಸೇ.

ನಮ್ಮ ನಾಡಿನಲ್ಲಿ ಇದನ್ನು ಬದಲಿಸಿದವರಲ್ಲಿ ಗುಬ್ಬಿ ವೀರಣ್ಣನವರು ಮುಖ್ಯರು. ಅವರ ಕಂಪನಿಯಲ್ಲಿ ಹೆಂಗಸರೇ ರಂಗಕ್ಕೆ ಬಂದರು. ಬಿ. ಜಯಮ್ಮನವರು ಅಲ್ಲಿ ದೊಡ್ಡ ನಟಿಯಾಗಿ ಬೆಳೆದರು.

1931ರಲ್ಲಿ ಬೊಂಬಾಯಿಯಲ್ಲಿ ‘ಆಲಂ ಆರಾ’ ಎಂಬ ಮಾತಾಡುವ ಹಿಂದಿ ಚಿತ್ರ ಬಂತು. ಕನ್ನಡ ಮಾತಾಡುವ ಚಿತ್ರ ಬಂದದ್ದು 1934ರ ಮಾರ್ಚ್ 3ರಂದು. ಹೆಸರು ‘ಸತಿ ಸುಲೋಚನ’. ಬೆಂಗಳೂರಿನ ಸಿಟಿ ಮಾರುಕಟ್ಟೆ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ತೆರೆ ಕಂಡಿತು. ನಿರ್ದೇಶಕರು ವೈ.ವಿ. ರಾವ್. ಸುಲೋಚನೆಯಾಗಿ ತ್ರಿಪುರಾಂಬ, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು ನಟಿಸಿದರು. ಚಿತ್ರ ತೆಗೆದದ್ದು ಮಾತ್ರ ಇಲ್ಲಿ ಅಲ್ಲ, ಕೊಲ್ಹಾಪುರದಲ್ಲಿ.

ಈ ಕತೆ ರಾಮನ ಕಡೆಯಿಂದ ಹೇಳಿದ್ದಲ್ಲ. ರಾವಣನ ಸೊಸೆಯ ಕತೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣಿನ ಕತೆ. ಕನ್ನಡದ ಮೊದಲ ಮಾತಿನ ಚಿತ್ರಕ್ಕೆ ಒಬ್ಬ ಹೆಣ್ಣಿನ ಹೆಸರೇ ಇಟ್ಟರು ಅನ್ನೋದು ನೆನಪಿರಲಿ.

ದುಃಖದ ಸಂಗತಿ ಅಂದರೆ ಆ ಚಿತ್ರದ ಒಂದು ಪ್ರತಿಯೂ ಈಗ ಉಳಿದಿಲ್ಲ. ತ್ರಿಪುರಾಂಬ ಅದರಲ್ಲಿ ಆಡಿದ ಮಾತು ನಾವು ಕೇಳುವ ಹಾಗಿಲ್ಲ. ಬೇಗೂರಿನ ಕಲ್ಲು 1100 ವರ್ಷ ಉಳಿಯಿತು. ಸಿನಿಮಾದ ರೀಲು ನೂರು ವರ್ಷವೂ ಉಳಿಯಲಿಲ್ಲ. ಕಾಪಾಡಿದರೆ ಮಾತ್ರ ದನಿ ಉಳಿಯುತ್ತದೆ.

ಮನೆಯಲ್ಲಿ ಹುಟ್ಟಿದ ಆಕಾಶವಾಣಿ

ಸಿನಿಮಾ ನೋಡಲು ಪೇಟೆಗೆ ಹೋಗಬೇಕಿತ್ತು. ಹಳ್ಳಿಯ ಹೆಂಗಸರಿಗೆ ಅದು ಎಲ್ಲಿ ಸಾಧ್ಯ? ದನಿಯೇ ಮನೆಗೆ ಬರಬೇಕಿತ್ತು. ಅದು ಬಂದದ್ದು ರೇಡಿಯೋದಿಂದ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮೇಷ್ಟರಿದ್ದರು. ಮನಸ್ಸಿನ ವಿಚಾರ ಪಾಠ ಮಾಡುತ್ತಿದ್ದರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಶುರು ಮಾಡಿದರು. ಮನೆಯ ಹೆಸರು ವಿಠ್ಠಲ ವಿಹಾರ. ಅವರ ಯಂತ್ರದ ಶಕ್ತಿ ಎಷ್ಟು? ಬರೀ 30 ವಾಟ್! ಹಳೇ ಕಾಲದ 40 ವಾಟ್ ಬಲ್ಬಿಗಿಂತಲೂ ಕಡಿಮೆ. ಮೊದಲ ದಿನ ಕವಿ ಕುವೆಂಪು ಅವರು ಕವಿತೆ ಓದಿದರು.

ಆ ಮನೆಯ ಕೇಂದ್ರಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಈ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಬಂತು.

ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ದುಡ್ಡು ಕಟ್ಟಬೇಕಿತ್ತು. ಪೆಟ್ಟಿಗೆಯೂ ದೊಡ್ಡದು, ಬೆಲೆಯೂ ಜಾಸ್ತಿ. ಆಮೇಲೆ ಸೆಲ್ ಹಾಕಿದರೆ ಸಾಕು ಅನ್ನುವ ಸಣ್ಣ ಟ್ರಾನ್ಸಿಸ್ಟರ್ ಬಂತು. ರೇಡಿಯೋ ಅಡಿಗೆ ಮನೆಗೂ ಬಂತು, ಹೊಲಕ್ಕೂ ಹೋಯಿತು. ಕೈ ರಾಗಿ ಬೀಸುತ್ತಿದ್ದರೂ ಕಿವಿ ನಾಟಕ ಕೇಳುತ್ತಿತ್ತು. ಓದು ಬಾರದವರಿಗೂ ರೇಡಿಯೋ ಸುದ್ದಿ ಹೇಳಿತು.

ದನಿ ಹೇಗೆ ಬರುತ್ತದೆ?

ಆಕಾಶವಾಣಿ ಕೇಂದ್ರದಲ್ಲಿ ಒಬ್ಬರು ಮೈಕಿನ ಮುಂದೆ ಮಾತಾಡುತ್ತಾರೆ. ಮೈಕು ದನಿಯನ್ನು ವಿದ್ಯುತ್ತಾಗಿ ಮಾಡುತ್ತದೆ. ಎತ್ತರದ ಕಂಬ ಅದನ್ನು ಅಲೆಯಾಗಿ ಆಕಾಶಕ್ಕೆ ಬಿಡುತ್ತದೆ. ಕೆರೆಗೆ ಕಲ್ಲು ಹಾಕಿದರೆ ಅಲೆ ಹರಡುತ್ತದಲ್ಲ, ಹಾಗೆ. ಈ ಅಲೆ ಕಣ್ಣಿಗೆ ಕಾಣುವುದಿಲ್ಲ. ನಮ್ಮ ರೇಡಿಯೋ ಅದನ್ನು ಹಿಡಿದು ಮತ್ತೆ ದನಿಯಾಗಿ ಮಾಡುತ್ತದೆ.

ಬರೀ ದನಿ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರೇಡಿಯೋ ಅಲೆ ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ ಭೂಮಿಯನ್ನು ಏಳು ಸುತ್ತು ಸುತ್ತಿ ಬರುವಷ್ಟು! ಒಂದು ಮೈದಾನದಲ್ಲಿ ಭಾಷಣ ನಡೆದಿದೆ ಅನ್ನಿ. ಅದನ್ನು ರೇಡಿಯೋ ನೇರವಾಗಿ ಬಿತ್ತರಿಸುತ್ತಿದೆ. ಮೈಕು ಇಲ್ಲದೆ ಹಿಂದೆ ನಿಂತವರಿಗಿಂತ ಮೊದಲು, ದೂರದ ಊರಿನಲ್ಲಿ ರೇಡಿಯೋ ಕೇಳುವವರಿಗೆ ಆ ಮಾತು ಮುಟ್ಟುತ್ತದೆ. ಸೋಜಿಗ ಅಲ್ಲವೇ?

ಊರ ಮಂದಿಗೆಲ್ಲ ಒಂದೇ ಟಿವಿ

ದನಿ ಬಂದ ಮೇಲೆ ಚಿತ್ರವೂ ಬಂತು. 1959ರಲ್ಲಿ ದೆಹಲಿಯಲ್ಲಿ ದೂರದರ್ಶನ ಶುರುವಾಯಿತು. ಆದರೆ ನಮ್ಮ ನಾಡಿನಲ್ಲಿ ಟಿವಿ ಮೊದಲು ಹೋದದ್ದು ಬೆಂಗಳೂರಿಗಲ್ಲ. ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ!

1975ರ ಆಗಸ್ಟ್ 1ರಿಂದ ಒಂದು ವರ್ಷ ಒಂದು ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹದಿಂದ ಕಾರ್ಯಕ್ರಮ ನೇರವಾಗಿ ಹಳ್ಳಿಗೆ ಇಳಿಯುತ್ತಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಊರಿಗೆಲ್ಲ ಒಂದೇ ಟಿವಿ. ತಂತಿ ಜಾಲರಿಯ ದೊಡ್ಡ ಕೊಡೆಯಂತಹ ಆಂಟೆನಾ ನಿಲ್ಲಿಸಿದರು. ಕರೆಂಟು ಇಲ್ಲದ ಕಡೆ ಬ್ಯಾಟರಿ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ. ಸಂಜೆ ಬೇಸಾಯ, ಆರೋಗ್ಯ, ಹಾಡು, ಆಟ. ರೈಲನ್ನೇ ನೋಡದ ಅಜ್ಜಿಯರೂ ಟಿವಿ ನೋಡಿದ ಕಾಲ ಅದು. ವರ್ಷ ತುಂಬಿದ ಮೇಲೆ ಆ ಪ್ರಯೋಗ ನಿಂತಿತು.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. 1982ರಲ್ಲಿ ಟಿವಿಗೆ ಬಣ್ಣ ಬಂತು. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಬಂದಾಗ ಭಾನುವಾರ ಬೆಳಿಗ್ಗೆ ಬೀದಿಗಳು ಖಾಲಿಯಾಗುತ್ತಿದ್ದವು. ಟಿವಿ ಇದ್ದ ಮನೆಯಲ್ಲಿ ಇಡೀ ಬೀದಿಯೇ ಕೂರುತ್ತಿತ್ತು.

ನಾವು ಮಾತಾಡಿದರೆ?

ಇಷ್ಟೆಲ್ಲ ಆಯಿತು. ಆದರೆ ಒಂದು ಮಾತು ಗಮನಿಸಿ. ದನಿ ದೆಹಲಿಯಿಂದ ಬಂತು. ಬೆಂಗಳೂರಿನಿಂದ ಬಂತು. ಅವರು ಹೇಳಿದರು, ನಾವು ಕೇಳಿದೆವು. ನಾವು ಹೇಳಿದ್ದನ್ನು ಯಾರು ಕೇಳಿದರು?

1995ರಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ತೀರ್ಪು ಕೊಟ್ಟಿತು. ಆಕಾಶದ ಅಲೆಗಳು ಯಾರೊಬ್ಬರ ಆಸ್ತಿಯೂ ಅಲ್ಲ, ಜನರೆಲ್ಲರ ಆಸ್ತಿ ಅಂತ ಹೇಳಿತು. ಹಾಗೆ ಹೇಳಿದರೂ ಹಳ್ಳಿಯವರಿಗೆ ರೇಡಿಯೋ ನಡೆಸಲು ಅನುಮತಿ ಸಿಗಲಿಲ್ಲ.

ಕೋಲಾರ ಜಿಲ್ಲೆಯಲ್ಲಿ ಬೂದಿಕೋಟೆ ಎಂಬ ಊರಿದೆ. ಅಲ್ಲಿನ ಸ್ವಸಹಾಯ ಸಂಘದ ಹೆಂಗಸರು ಸುಮ್ಮನೆ ಕೂರಲಿಲ್ಲ. ‘ನಮ್ಮ ಧ್ವನಿ’ ಎಂಬ ಕೇಂದ್ರ ನಡೆಸಿದರು. ಆಕಾಶದಲ್ಲಿ ಬಿಡಲು ಅನುಮತಿ ಇಲ್ಲ ತಾನೇ? ಟಿವಿಯ ಕೇಬಲ್ ತಂತಿಯಲ್ಲೇ ದನಿ ಕಳಿಸಿದರು! ಇದು 2003ರ ಸುಮಾರಿನ ಮಾತು. ನಮ್ಮ ಹಾಗೇ ಕೂಲಿ ನಾಲಿ ಮಾಡುವ ಹೆಂಗಸರು ಮೈಕು ಹಿಡಿದು ಆರೋಗ್ಯ, ಬೇಸಾಯ, ಉಳಿತಾಯದ ಬಗ್ಗೆ ಮಾತಾಡಿದರು.

2006ರಲ್ಲಿ ಸರ್ಕಾರ ನಿಯಮ ಬದಲಿಸಿತು. ಸಂಘ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು ಅಂತಾಯಿತು. 2008ರಲ್ಲಿ ಪಕ್ಕದ ತೆಲುಗು ನಾಡಿನ ಮಾಚನೂರಿನಲ್ಲಿ ‘ಸಂಘಂ ರೇಡಿಯೋ’ ಶುರುವಾಯಿತು. ಹೊಲದಲ್ಲಿ ದುಡಿಯುವ ದಲಿತ ಹೆಣ್ಣುಮಕ್ಕಳೇ ಅದನ್ನು ನಡೆಸಿದರು.

ಕೇಳಿದ್ದೆಲ್ಲ ನಿಜವೇ?

ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ಅಂದರೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಸಣ್ಣ ಬಾನುಲಿ ಕೇಂದ್ರ! ಇದರಿಂದ ಒಳ್ಳೆಯದೂ ಇದೆ, ಅಪಾಯವೂ ಇದೆ.

2018ರಲ್ಲಿ ಮೊಬೈಲುಗಳಲ್ಲಿ ಒಂದು ವಿಡಿಯೋ ಹರಿದಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ತಾಯಂದಿರೆಲ್ಲ ನಡುಗಿದರು. ನಿಜ ಏನು? ಅದು ಪಾಕಿಸ್ತಾನದ ಕರಾಚಿಯಲ್ಲಿ ಜನರನ್ನು ಎಚ್ಚರಿಸಲು ಮಾಡಿದ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ಕೊಡುತ್ತಾರೆ. ಮಕ್ಕಳನ್ನು ಜೋಪಾನ ಮಾಡಿ ಎಂಬ ಅರ್ಥದ ಬರಹದ ಹಲಗೆ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನೇ ಕತ್ತರಿಸಿ ಹಾಕಿದ್ದರು. ಬರಹ ಹೋಯಿತು, ಭಯ ಉಳಿಯಿತು.

ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂದುಕೊಂಡು ಹೊಡೆದು ಕೊಂದರು. ಅವನು ಕೆಲಸ ಹುಡುಕಿ ರಾಜಸ್ಥಾನದಿಂದ ಬಂದವನು. ಏನೂ ತಪ್ಪು ಮಾಡಿರಲಿಲ್ಲ. ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯಲ್ಲೂ ಇದೇ ಗುಮಾನಿಯಿಂದ ಇನ್ನೊಬ್ಬ ಯುವಕನ ಜೀವ ಹೋಯಿತು. ಅಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು.

ಅದಕ್ಕೇ ನಾವು ಹೇಳುವುದು ಇಷ್ಟು. ಹಾಡು ಕೇಳಿ, ಸಿನಿಮಾ ನೋಡಿ, ನಗಿ. ಆದರೆ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಹೇಳಿದವರು ಯಾರು? ಎಲ್ಲಿ, ಯಾವಾಗ ನಡೆಯಿತು? ಪತ್ರಿಕೆಯಲ್ಲಿ ಬಂದಿದೆಯೇ? ಉತ್ತರ ಸಿಗದಿದ್ದರೆ ಇನ್ನೊಬ್ಬರಿಗೆ ಕಳಿಸಬೇಡಿ. ಈಗ ನಿಮಗೆ ಓದು ಬರುತ್ತದೆ. ಯಾರೋ ಓದಿ ಹೇಳಲಿ ಅಂತ ಕಾಯಬೇಕಿಲ್ಲ.

ಕೂತು ಮಾತಾಡೋಣ

1. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಯಾಕೆ ಹೇಳುತ್ತಿದ್ದರು?

2. ಬೂದಿಕೋಟೆಯ ಹೆಂಗಸರು ದನಿಯನ್ನು ತಂತಿಯಲ್ಲಿ ಕಳಿಸಿದ್ದು ಯಾಕೆ?

3. ನಿಮ್ಮ ಮೊಬೈಲಿಗೆ ಈ ವಾರ ಬಂದ ಒಂದು ಸುದ್ದಿಯನ್ನು ಎಲ್ಲರ ಮುಂದೆ ಓದಿ. ಅದು ನಿಜವೋ ಸುಳ್ಳೋ ಸೇರಿ ಪರೀಕ್ಷೆ ಮಾಡಿ.

4. ಬೇಗೂರಿನ ಹೆಂಗಸರಿಗೆ ಒಂದು ರೇಡಿಯೋ ಕೇಂದ್ರ ಸಿಕ್ಕಿದರೆ ಮೊದಲ ದಿನ ಏನು ಹೇಳುತ್ತೀರಿ? ಐದು ವಾಕ್ಯ ಬರೆಯಿರಿ. ಕೊನೆಯಲ್ಲಿ ನಿಮ್ಮ ಹೆಸರು ಬರೆಯಲು ಮರೆಯಬೇಡಿ.