ನಾಗಪುರದ ನೂಲು, ಕ್ರೋಶಾದ ಕುಣಿಕೆ: ಹೆಣಿಗೆಯನ್ನು ಸರಾಗವಾಗಿಸುವ ಕ್ರಮಗಳು

ವಿದರ್ಭದ ಕಪ್ಪುಮಣ್ಣಿನಲ್ಲಿ ಬೆಳೆಯುವ ಹತ್ತಿಯೇ ನಾಗಪುರವನ್ನು ಕೈಗಾರಿಕಾ ನಗರವನ್ನಾಗಿ ಮಾಡಿತು. ಜಮ್‌ಶೆಟ್‌ಜಿ ಟಾಟಾ ಅವರು ಇಲ್ಲಿ ಸ್ಥಾಪಿಸಿದ ಎಂಪ್ರೆಸ್ ಮಿಲ್ 1877ರ ಜನವರಿ 1ರಂದು ಕೆಲಸ ಆರಂಭಿಸಿತು. ಹತ್ತಿಯ ತಳಿ ಮತ್ತು ಬೇಸಾಯವನ್ನು ಅಧ್ಯಯನ ಮಾಡುವ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ 1976ರಲ್ಲಿ ಇದೇ ನಗರದಲ್ಲಿ ಸ್ಥಾಪನೆಯಾಯಿತು. ಎಂಪ್ರೆಸ್ ಮಿಲ್ ಇಂದು ಇಲ್ಲವಾದರೂ ನೂಲಿನೊಡನೆ ಈ ಊರಿಗಿರುವ ನಂಟು ಮನೆಗಳ ಒಳಗೆ ಬೇರೆ ರೂಪದಲ್ಲಿ ಮುಂದುವರಿದಿದೆ. ಮದುವೆಯಲ್ಲಿ ವಧುವಿನ ಕಡೆಯವರು ತಮ್ಮ ಕೈಕೆಲಸಗಳನ್ನು ಓರಣವಾಗಿ ಜೋಡಿಸಿಡುವ ‘ರುಖವತ’ ಎಂಬ ಮಹಾರಾಷ್ಟ್ರದ ಸಂಪ್ರದಾಯದಲ್ಲಿ ಬಾಗಿಲ ತೋರಣ, ತಟ್ಟೆಯ ಹೊದಿಕೆ, ಮೇಜಿನ ಹಾಸುಗಳಾಗಿ ಕಾಣಿಸಿಕೊಳ್ಳುವ ಕ್ರೋಶಾ ಹೆಣಿಗೆಯು ಅಂತಹ ರೂಪಗಳಲ್ಲೊಂದು.

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲನ್ನು ಕುಣಿಕೆಯಾಗಿಸಿ, ಆ ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುತ್ತ ಬಟ್ಟೆಯನ್ನು ರೂಪಿಸುವ ಕ್ರಮಕ್ಕೆ ಕ್ರೋಶಾ ಎನ್ನುತ್ತಾರೆ. ಎರಡು ಕಡ್ಡಿಗಳ ಸ್ವೆಟರ್ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕ್ರೋಶಾದಲ್ಲಾದರೋ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿದ್ದು ಉಳಿದವೆಲ್ಲ ಆಗಿಂದಾಗಲೇ ಮುಚ್ಚಿಕೊಳ್ಳುವುದರಿಂದ ತಪ್ಪಾದಾಗ ಆ ಜಾಗದವರೆಗೆ ಮಾತ್ರ ಬಿಚ್ಚಿ ಮತ್ತೆ ಹೆಣೆಯಬಹುದು. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಕವಾದ ಈ ಕಲೆ ಕ್ರೈಸ್ತ ಮಿಷನರಿಗಳ ಮೂಲಕ ಭಾರತದ ಹಲವೆಡೆ ನೆಲೆಗೊಂಡಿತು. ಆಂಧ್ರದ ಗೋದಾವರಿ ಮುಖಜಭೂಮಿಯಲ್ಲಿರುವ ನರಸಾಪುರದಲ್ಲಿ ಅದು ಸಾವಿರಾರು ಮಹಿಳೆಯರ ಜೀವನೋಪಾಯವಾಗಿ ಬೆಳೆಯಿತು. ನಾಗಪುರದಂತಹ ನಗರಗಳಲ್ಲಿ ಅದು ಬಹುಮಟ್ಟಿಗೆ ತಾಯಿಯಿಂದ ಮಗಳಿಗೆ, ನೆರೆಯವರಿಂದ ನೆರೆಯವರಿಗೆ ದಾಟುವ ಮನೆಯ ವಿದ್ಯೆಯಾಗಿ ಉಳಿದಿದೆ.

ಹೀಗೆ ಕಣ್ಣಳತೆಯಲ್ಲಿ ಕಲಿತ ವಿದ್ಯೆಯಲ್ಲಿ ಕೈ ಚಲನೆ ಬೇಗ ಬರುತ್ತದೆ, ಆದರೆ ಅದರ ಹಿಂದಿನ ಕಾರಣಗಳು ಎಷ್ಟೋ ಸಲ ಹೇಳದೆಯೇ ಉಳಿದುಬಿಡುತ್ತವೆ. ಅಂಚು ಸೊಟ್ಟಗಾಗುವುದು, ವೃತ್ತ ಮುದುಡುವುದು, ಅಳತೆ ತಪ್ಪುವುದು, ಕೈ ನೋಯುವುದು ಇವೆಲ್ಲ ಕಲಿಯುವವರ ಸಾಮರ್ಥ್ಯದ ಕೊರತೆಯಿಂದ ಆಗುವಂಥವಲ್ಲ; ಪ್ರತಿಯೊಂದಕ್ಕೂ ನಿರ್ದಿಷ್ಟವಾದ ಕಾರಣವೂ ಸುಲಭವಾದ ಪರಿಹಾರವೂ ಇವೆ. ಹೆಣಿಗೆ ಸರಾಗವಾಗುವುದು ಕೈಯ ವೇಗದಿಂದಲ್ಲ, ಹೆಣೆದದ್ದನ್ನು ಕಣ್ಣು ಓದಲು ಕಲಿಯುವುದರಿಂದ ಎಂಬ ತಿಳಿವಳಿಕೆಯೇ ಮುಂದಿನ ಎಲ್ಲ ಕ್ರಮಗಳ ಆಧಾರ.

ನೂಲು ಮತ್ತು ಕಡ್ಡಿಯ ಆಯ್ಕೆ

ಕೆಲಸ ಸುಲಭವಾಗುವುದೋ ಕಷ್ಟವಾಗುವುದೋ ಎಂಬುದು ಅರ್ಧಪಾಲು ಅಂಗಡಿಯಲ್ಲಿಯೇ ತೀರ್ಮಾನವಾಗುತ್ತದೆ. ಕಲಿಯುವವರು ತಿಳಿಬಣ್ಣದ, ನುಣುಪಾದ, ಹುರಿ ಬಿಗಿಯಾಗಿರುವ, ಮಧ್ಯಮ ದಪ್ಪದ ನೂಲನ್ನೂ ಸುಮಾರು 4 ಮಿಲಿಮೀಟರ್ ದಪ್ಪದ ಕಡ್ಡಿಯನ್ನೂ ಆರಿಸಿಕೊಳ್ಳುವುದು ಉತ್ತಮ. ಕಪ್ಪು ಅಥವಾ ಕಡುನೀಲಿ ನೂಲಿನಲ್ಲಿ ಕುಣಿಕೆಗಳು ಕಣ್ಣಿಗೆ ಕಾಣಿಸುವುದಿಲ್ಲ, ರೋಮ ಎದ್ದ ನೂಲಿನಲ್ಲಿ ಅವು ಬೆರಳಿಗೂ ಸಿಗುವುದಿಲ್ಲ, ಹುರಿ ಸಡಿಲವಾದ ನೂಲಿನಲ್ಲಿ ಕೊಕ್ಕೆಯು ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವ ನಾಗಪುರದಂತಹ ಊರಿನಲ್ಲಿ ಬೆವರಿದ ಬೆರಳಿಗೆ ಅಕ್ರಿಲಿಕ್ ನೂಲು ಅಂಟಿಕೊಳ್ಳುವುದರಿಂದ ಹತ್ತಿಯ ನೂಲೇ ಹೆಚ್ಚು ಹಿತ. ಆದರೆ ಹತ್ತಿಗೆ ಉಣ್ಣೆಯಷ್ಟು ಹಿಗ್ಗುವ ಗುಣವಿಲ್ಲವಾದ ಕಾರಣ ಕೈ ಬಿಗಿಯಾದರೆ ಅದು ಸಹಿಸಿಕೊಳ್ಳುವುದಿಲ್ಲ ಎಂಬುದನ್ನು ಆರಂಭದಿಂದಲೇ ನೆನಪಿಡಬೇಕು.

ಕ್ರೋಶಾ ದಾರದ ಉಂಡೆಯ ಮೇಲೆ 10, 20, 40 ಎಂಬ ಸಂಖ್ಯೆಗಳಿರುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣದಾಗುತ್ತದೆ. 10ನೆಯ ಸಂಖ್ಯೆಯ ದಾರಕ್ಕೆ ಸುಮಾರು 1.5 ಮಿಲಿಮೀಟರ್, 20ಕ್ಕೆ ಸುಮಾರು 1.25 ಮಿಲಿಮೀಟರ್ ಉಕ್ಕಿನ ಕಡ್ಡಿ ಹೊಂದುತ್ತದೆ. ಲೇಬಲ್ಲಿನಲ್ಲಿ ಕಾಣುವ ‘ಮರ್ಸರೈಸ್ಡ್’ ಎಂಬ ಪದವು ದಾರವನ್ನು ಕಾಸ್ಟಿಕ್ ಸೋಡಾದಲ್ಲಿ ಸಂಸ್ಕರಿಸಿದ್ದನ್ನು ಸೂಚಿಸುತ್ತದೆ. ಹಾಗೆ ಮಾಡಿದ ಹತ್ತಿಗೆ ಹೊಳಪೂ ಬಲವೂ ಹೆಚ್ಚು, ಬಣ್ಣವೂ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಅದೇ ಲೇಬಲ್ಲಿನ ‘ಲಾಟ್’ ಸಂಖ್ಯೆಯು ಒಂದೇ ಬಾರಿಗೆ ಬಣ್ಣ ಹಾಕಿದ ನೂಲನ್ನು ಗುರುತಿಸುವುದರಿಂದ, ದೊಡ್ಡ ಹಾಸನ್ನು ಹೆಣೆಯುವವರು ಬೇಕಾದಷ್ಟು ಉಂಡೆಗಳನ್ನು ಒಂದೇ ಲಾಟಿನಿಂದ ಕೊಂಡು, ಲೇಬಲ್ಲನ್ನು ಕೆಲಸ ಮುಗಿಯುವವರೆಗೆ ಕಾಯ್ದಿರಿಸಬೇಕು. ಇಲ್ಲವಾದರೆ ಮಧ್ಯದಲ್ಲಿ ತಂದ ನೂಲಿನ ಬಣ್ಣದಲ್ಲಿ ಆಗುವ ಸಣ್ಣ ವ್ಯತ್ಯಾಸ ಇಡೀ ಹಾಸಿಗೆ ಅಡ್ಡಲಾಗಿ ಪಟ್ಟೆಯಂತೆ ಎದ್ದು ಕಾಣುತ್ತದೆ.

ಬಿಗಿಯ ಗುಟ್ಟು

ಕಡ್ಡಿಯನ್ನು ಹತ್ತಿರದಿಂದ ನೋಡಿದರೆ ಮೂರು ಭಾಗಗಳು ಕಾಣುತ್ತವೆ: ನೂಲನ್ನು ಹಿಡಿಯುವ ಕೊಕ್ಕೆ, ಅದರ ಕೆಳಗೆ ಸಣ್ಣದಾಗುವ ಕತ್ತು, ಆಮೇಲೆ ಒಂದೇ ದಪ್ಪದ ಕಾಂಡ. ಕಡ್ಡಿಯ ಅಳತೆ ಎನ್ನುವುದು ಈ ಕಾಂಡದ ಅಳತೆಯೇ ಆದ್ದರಿಂದ ಪ್ರತಿ ಕುಣಿಕೆಯನ್ನೂ ಕಾಂಡದ ಮೇಲಕ್ಕೆ ತಂದು ರೂಪಿಸಬೇಕು. ಕುಣಿಕೆ ಕತ್ತಿನಲ್ಲಿಯೇ ನಿಂತರೆ ಅದು ಕತ್ತಿನಷ್ಟೇ ಚಿಕ್ಕದಾಗಿ, ಮುಂದಿನ ಸಾಲಿನಲ್ಲಿ ಕೊಕ್ಕೆ ಒಳಗೆ ಹೋಗಲಾರದಷ್ಟು ಬಿಗಿಯಾಗುತ್ತದೆ. ‘ಕೈ ಬಿಗಿ’ ಎಂದು ಕಲಿಯುವವರು ಹೇಳಿಕೊಳ್ಳುವ ತೊಂದರೆಯ ಮೂಲ ಬಹುತೇಕ ಇಲ್ಲಿಯೇ ಇರುತ್ತದೆ. ಕಡ್ಡಿಯನ್ನು ಪೆನ್ಸಿಲಿನಂತೆ ಹಿಡಿದರೂ ಚಾಕುವಿನಂತೆ ಹಿಡಿದರೂ ತಪ್ಪಿಲ್ಲ. ಆದರೆ ನೂಲು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಬಂದು ತೋರುಬೆರಳಿನ ಮೇಲೆ ಹಾದುಹೋಗುವಂತೆ ನೋಡಿಕೊಂಡರೆ ಎಳೆತ ಸಮನಾಗಿರುತ್ತದೆ. ಎಡಗೈಯವರು ಇದನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅನುಸರಿಸಿದರೆ ಸಾಕು. ಕುಣಿಕೆಯೊಳಗಿಂದ ಕುಣಿಕೆ ಎಳೆದು ಹೆಣಿಗೆಗೆ ಬುಡವಾಗಿ ಮಾಡುವ ಮೊದಲ ಸರಪಳಿ ಸಾಲು ಸ್ವಭಾವತಃ ಬಿಗಿಯಾಗಿ ಬರುವುದರಿಂದ ಅದಕ್ಕೆ ಮಾತ್ರ ಒಂದು ಅಳತೆ ದೊಡ್ಡ ಕಡ್ಡಿಯನ್ನು ಬಳಸುವುದು ಅನುಭವಿಗಳು ಅನುಸರಿಸುವ ಸರಳ ಉಪಾಯ.

ಅಳತೆಯ ವಸ್ತುವನ್ನು ಹೆಣೆಯುವ ಮೊದಲು ಅದೇ ನೂಲು, ಅದೇ ಕಡ್ಡಿ, ಅದೇ ಹೆಣಿಗೆಯಲ್ಲಿ 10 ಸೆಂಟಿಮೀಟರಿಗಿಂತ ತುಸು ದೊಡ್ಡ ಮಾದರಿಯನ್ನು ಹೆಣೆದು, ತೊಳೆದು, ಒಣಗಿಸಿ, ನಡುಭಾಗದಲ್ಲಿ ಎಣಿಸಬೇಕು. 10 ಸೆಂಟಿಮೀಟರಿನಲ್ಲಿ 18 ಹೆಣಿಗೆಗಳಿದ್ದರೆ 45 ಸೆಂಟಿಮೀಟರ್ ಅಗಲಕ್ಕೆ 81 ಹೆಣಿಗೆಗಳು ಬೇಕು; ಅದೇ 81 ಹೆಣಿಗೆಗಳು ತುಸು ಬಿಗಿಯಾಗಿ 10 ಸೆಂಟಿಮೀಟರಿಗೆ 20ರಂತೆ ಕುಳಿತರೆ ಅಗಲವು 40.5 ಸೆಂಟಿಮೀಟರಿಗೆ ಇಳಿಯುತ್ತದೆ. ಹತ್ತಿಯು ತೊಳೆದಾಗ ಕುಗ್ಗುವುದರಿಂದ ಈ ಮಾದರಿಗೆ ತಗಲುವ ಅರ್ಧ ಗಂಟೆ ವ್ಯರ್ಥವಾಗುವುದಿಲ್ಲ.

ಅಂಚು, ಎಣಿಕೆ ಮತ್ತು ವೃತ್ತ

ಮರಾಠಿ ಮನೆಗಳಲ್ಲಿ ಸರಪಳಿಯನ್ನು ‘ಸಾಖಳಿ’ ಎಂದೂ ಗಿಡ್ಡನೆಯ ಸಿಂಗಲ್ ಕ್ರೋಶಾವನ್ನು ‘ಮುಕಾ ಖಾಂಬ್’ ಎಂದೂ ಎತ್ತರದ ಡಬಲ್ ಕ್ರೋಶಾವನ್ನು ‘ಖಾಂಬ್’, ಅಂದರೆ ಕಂಬ ಎಂದೂ ಕರೆಯುತ್ತಾರೆ. ಪ್ರತಿ ಸಾಲಿನ ಆರಂಭದಲ್ಲಿ ಹೆಣಿಗೆಯ ಎತ್ತರಕ್ಕೆ ಏರಲು ಕೆಲವು ಸರಪಳಿಗಳು ಬೇಕಾಗುತ್ತವೆ: ಮುಕಾ ಖಾಂಬಿಗೆ ಒಂದು, ಕಂಬಕ್ಕೆ ಮೂರು. ಈ ಮೂರು ಸರಪಳಿಗಳನ್ನು ಸಾಮಾನ್ಯವಾಗಿ ಸಾಲಿನ ಮೊದಲ ಕಂಬವೆಂದೇ ಎಣಿಸುವ ಪದ್ಧತಿಯಿದೆ. ಹೀಗಿರುವಾಗ ಅವುಗಳ ಬುಡದಲ್ಲಿ ಇನ್ನೊಂದು ಕಂಬ ಹಾಕಿದರೆ ಹೆಣಿಗೆ ಒಂದು ಹೆಚ್ಚುತ್ತದೆ. ಮರುಸಾಲಿನ ಕೊನೆಯಲ್ಲಿ ಅವುಗಳ ನೆತ್ತಿಯ ಮೇಲೆ ಕಂಬ ಹಾಕಲು ಮರೆತರೆ ಒಂದು ಕಡಿಮೆಯಾಗುತ್ತದೆ. ಚೌಕವಾಗಬೇಕಾದ ಹಾಸು ಸಾಲುಸಾಲಿಗೆ ಅಗಲವಾಗುವುದಕ್ಕೂ ಕಿರಿದಾಗುವುದಕ್ಕೂ ಸಾಮಾನ್ಯ ಕಾರಣ ಇದೇ. ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಹೆಣಿಗೆಗೆ ಸೇಫ್ಟಿ ಪಿನ್ನನ್ನೋ ಬೇರೆ ಬಣ್ಣದ ನೂಲಿನ ತುಣುಕನ್ನೋ ಸಿಕ್ಕಿಸುವುದು, ಉದ್ದನೆಯ ಮೊದಲ ಸರಪಳಿಯಲ್ಲಿ ಪ್ರತಿ 20ಕ್ಕೊಂದು ಗುರುತು ಇಡುವುದು ಇದಕ್ಕೆ ಪರಿಹಾರ. ಆಗ ಎಣಿಕೆ ತಪ್ಪಿದರೂ ಕೊನೆಯ ಗುರುತಿನಿಂದ ಮತ್ತೆ ಎಣಿಸಿದರೆ ಸಾಕು.

ವೃತ್ತಾಕಾರದ ಹಾಸು ಇನ್ನೂ ಹೆಚ್ಚು ಜನರನ್ನು ಸತಾಯಿಸುತ್ತದೆ, ಆದರೆ ಅದರ ಹಿಂದಿರುವುದು ಶಾಲೆಯ ಗಣಿತವೇ. ಪ್ರತಿ ಸುತ್ತಿನಲ್ಲಿ ವೃತ್ತದ ತ್ರಿಜ್ಯವು ಒಂದು ಹೆಣಿಗೆಯ ಎತ್ತರದಷ್ಟು ಬೆಳೆಯುತ್ತದೆ, ಆದ್ದರಿಂದ ಪರಿಧಿಯು ಆ ಎತ್ತರದ 6.28 ಪಟ್ಟು ಬೆಳೆಯಬೇಕು. ಮುಕಾ ಖಾಂಬಿನ ಎತ್ತರ ಮತ್ತು ಅಗಲ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸುತ್ತಿಗೆ ಆರರಂತೆ ಹೆಚ್ಚಿಸಬೇಕು. ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು ಇರುವುದರಿಂದ ಹನ್ನೆರಡರಂತೆ ಹೆಚ್ಚಿಸಬೇಕು. ಹೀಗೆ ಕಂಬಗಳ ವೃತ್ತದಲ್ಲಿ ಮೊದಲ ಸುತ್ತಿಗೆ 12, ಎರಡನೆಯದಕ್ಕೆ 24, ಮೂರನೆಯದಕ್ಕೆ 36 ಬರುತ್ತವೆ. ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡು, ಮೂರನೆಯದರಲ್ಲಿ ಒಂದು ಬಿಟ್ಟು ಒಂದರ ಮೇಲೆ ಎರಡು ಹಾಕಿದರೆ ಲೆಕ್ಕ ತಾನೇ ಕೂಡುತ್ತದೆ. ಹಾಸಿನ ಅಂಚು ಬಟ್ಟಲಿನಂತೆ ಮೇಲಕ್ಕೇಳುತ್ತಿದ್ದರೆ ಹೆಣಿಗೆಗಳು ಕಡಿಮೆಯಾಗಿವೆ, ಅಂಚಿನಲ್ಲಿ ನೆರಿಗೆಗಳು ಏಳುತ್ತಿದ್ದರೆ ಹೆಚ್ಚಾಗಿವೆ ಎಂದು ತಿಳಿದು, ಮುಂದಿನ ಸುತ್ತಿಗೆ ಹೋಗುವ ಮೊದಲೇ ಅದನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಬೇಕು.

ನಕ್ಷೆ, ಮುಗಿಸುವಿಕೆ, ಆರೈಕೆ

ಮಾದರಿ ಪುಸ್ತಕಗಳನ್ನು ಅನುಸರಿಸುವವರಿಗೆ ಹೆಸರುಗಳ ಗೊಂದಲ ಎದುರಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಸಿಂಗಲ್ ಎನಿಸಿದ್ದು ಬ್ರಿಟಿಷ್ ಪದ್ಧತಿಯಲ್ಲಿ ಡಬಲ್ ಆಗುತ್ತದೆ, ಅಮೆರಿಕದ ಡಬಲ್ ಬ್ರಿಟಿಷರಲ್ಲಿ ಟ್ರೆಬಲ್ ಆಗುತ್ತದೆ. ಆದ್ದರಿಂದ ಮಾದರಿಯು ಯಾವ ಪದ್ಧತಿಯದೆಂದು ಮೊದಲೇ ನೋಡಿಕೊಳ್ಳಬೇಕು. ಸರಪಳಿಗೆ ಅಂಡಾಕೃತಿ, ಸಿಂಗಲ್‌ಗೆ ಕೂಡಿಸುವ ಅಥವಾ ಗುಣಿಸುವ ಚಿಹ್ನೆ, ಕಂಬಕ್ಕೆ ನಡುವೆ ಅಡ್ಡಗೆರೆ ಎಳೆದ ‘ಟಿ’ ಆಕಾರ ಎಂಬ ಚಿಹ್ನೆಗಳ ನಕ್ಷೆಯನ್ನು ಓದಲು ಕಲಿತವರಿಗೆ ಈ ತೊಡಕೇ ಇರುವುದಿಲ್ಲ, ಅವರು ಭಾಷೆ ಬಾರದ ಜಪಾನೀ ಪುಸ್ತಕದಿಂದಲೂ ಹೆಣೆಯಬಲ್ಲರು.

ನೂಲು ಮುಗಿಯುವುದೇ ಎಂಬ ಆತಂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಉತ್ತರ ಕೊಡುತ್ತದೆ: ಒಂದು ಸಾಲಿನ ಮುಂಚೆ ಮತ್ತು ನಂತರ ಉಂಡೆಯನ್ನು ತೂಗಿದಾಗ 2 ಗ್ರಾಂ ಕಡಿಮೆಯಾಗಿದ್ದರೆ, ಉಳಿದ 30 ಗ್ರಾಮಿನಲ್ಲಿ 15 ಸಾಲುಗಳಷ್ಟೇ ಆಗುತ್ತವೆ. ಹೊಸ ನೂಲನ್ನು ಸಾಲಿನ ಅಂಚಿನಲ್ಲಿ, ಹಿಂದಿನ ಹೆಣಿಗೆಯ ಕೊನೆಯ ಎಳೆತದಲ್ಲಿಯೇ ಸೇರಿಸಿದರೆ ಜೋಡಣೆ ಕಾಣುವುದಿಲ್ಲ. ತುದಿಗಳನ್ನು ಕನಿಷ್ಠ 10 ಸೆಂಟಿಮೀಟರ್ ಬಿಟ್ಟು, ದಬ್ಬಣದಿಂದ ಒಂದು ದಿಕ್ಕಿಗೆ ಪೋಣಿಸಿ, ಮತ್ತೆ ಹಿಂದಕ್ಕೆ ತಂದು ಮುಚ್ಚಬೇಕು. ನುಣುಪಾದ ಹತ್ತಿಯ ದಾರವು ಒಂದೇ ದಿಕ್ಕಿನಲ್ಲಿ ನಿಲ್ಲದೆ ಜಾರಿ ಹೊರಬರುತ್ತದೆ. ಹತ್ತಿಯ ಹಾಸನ್ನು ಒದ್ದೆ ಮಾಡಿ, ಆಕಾರಕ್ಕೆ ಎಳೆದು, ಗುಂಡುಪಿನ್ನುಗಳಿಂದ ಸಿಕ್ಕಿಸಿ ಒಣಗಿಸಿದರೆ ಅದರ ಹೂವು ಎಲೆಗಳು ಸ್ಪಷ್ಟವಾಗುತ್ತವೆ, ತೋರಣಕ್ಕೆ ತೆಳುವಾದ ಅಕ್ಕಿಗಂಜಿ ಹಾಕಿದರೆ ಅದು ನೇರವಾಗಿ ನಿಲ್ಲುತ್ತದೆ. ಅಕ್ರಿಲಿಕ್ ವಸ್ತುವಿಗೆ ಮಾತ್ರ ಬಿಸಿ ಇಸ್ತ್ರಿ ತಾಗಿಸಬಾರದು, ಅದರ ಎಳೆಗಳು ಕರಗಿ ಚಪ್ಪಟೆಯಾಗಿಬಿಡುತ್ತವೆ.

ಇಷ್ಟೆಲ್ಲಕ್ಕೂ ಆಧಾರವಾದ ಕೈಯನ್ನು ಕಾಪಾಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಸಣ್ಣ ಉಕ್ಕಿನ ಕಡ್ಡಿಗೆ ರಬ್ಬರಿನ ಹಿಡಿಕೆ ತೊಡಿಸುವುದು, ಮೊಣಕೈಗೆ ದಿಂಬಿನ ಆಸರೆ ಕೊಡುವುದು, ಕೈಯ ನೆರಳು ಹೆಣಿಗೆಯ ಮೇಲೆ ಬೀಳದಂತೆ ಬಲಗೈಯವರು ಎಡಗಡೆಯಿಂದ ಬೆಳಕು ಪಡೆಯುವುದು, ಅರ್ಧ ಗಂಟೆಗೊಮ್ಮೆ ಕಡ್ಡಿ ಇಳಿಸಿ ಬೆರಳು ಮತ್ತು ಮಣಿಕಟ್ಟನ್ನು ಚಾಚುವುದು ಇವು ಹೆಚ್ಚು ಖರ್ಚಿಲ್ಲದ ರೂಢಿಗಳು. ಮಣಿಕಟ್ಟಿನಲ್ಲಿ ಜೋಮು ಹಿಡಿಯತೊಡಗಿದರೆ ಕೆಲಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಸ್ವೆಟರ್ ಹೆಣೆಯುವ ಯಂತ್ರಗಳು ಎಲ್ಲೆಡೆ ಇದ್ದರೂ ನಿಜವಾದ ಕ್ರೋಶಾ ಇಂದಿಗೂ ಕೈಯಿಂದಲೇ ಆಗುವ ಕೆಲಸ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕ್ರೋಶಾ ವಸ್ತುವಿನ ಹಿಂದೆಯೂ ಒಬ್ಬರ ಗಂಟೆಗಳ ದುಡಿಮೆ ಇದ್ದೇ ಇರುತ್ತದೆ. ಕರ್ನಾಟಕವನ್ನೂ ತನ್ನ ವ್ಯಾಪ್ತಿಯಲ್ಲಿ ಹೊಂದಿರುವ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರವು ನಾಗಪುರದಲ್ಲಿ ನಡೆಸುವ ಕರಕುಶಲ ಮೇಳದಂತಹ ಕಡೆಗಳಲ್ಲಿ ಕೈಕೆಲಸಕ್ಕೆ ಗ್ರಾಹಕರಿದ್ದಾರೆ, ಆದರೆ ಮನೆಯಲ್ಲಿ ಹೆಣೆಯುವವರು ನೂಲಿನ ಬೆಲೆಯನ್ನಷ್ಟೇ ಲೆಕ್ಕ ಹಿಡಿದು ತಮ್ಮ ಸಮಯವನ್ನು ಸೊನ್ನೆಯೆಂದು ಬಿಡುವುದು ಸಾಮಾನ್ಯ. ಮಾದರಿಯ ಅಳತೆ, ಪ್ರತಿ ಸಾಲಿನ ನೂಲು, ತಗಲಿದ ಗಂಟೆಗಳು ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವವರಿಗೆ ಮುಂದಿನ ಹಾಸನ್ನು ತಪ್ಪಿಲ್ಲದೆ ಹೆಣೆಯುವುದೂ, ಅದಕ್ಕೆ ನ್ಯಾಯವಾದ ಬೆಲೆ ಕೇಳುವುದೂ, ಮುಂದಿನ ತಲೆಮಾರಿಗೆ ಆ ವಿದ್ಯೆಯನ್ನು ಕಾರಣಸಹಿತ ಕಲಿಸುವುದೂ ಸಾಧ್ಯವಾಗುತ್ತದೆ.